ಹೋಮ್ ಥಿಯೇಟರ್ ಕಂಪ್ಯೂಟರ್

ಹೋಮ್ ಥಿಯೇಟರ್ ಕಂಪ್ಯೂಟರ್ ಎಂಬುದು ಮನೆಯ ಟಿವಿ ಅಥವಾ ಪ್ರೊಜೆಕ್ಟರಿಗೆ ಜೋಡಿಸಿ ಚಲನಚಿತ್ರ, ಸಂಗೀತ, ಛಾಯಾಚಿತ್ರ ಮತ್ತು ದೂರದರ್ಶನ ಕಾರ್ಯಕ್ರಮಗಳ ವೀಕ್ಷಣೆಗಾಗಿ ಬಳಸುವ ವೈಯಕ್ತಿಕ ಗಣಕಯಂತ್ರವಾಗಿದೆ. ಇದನ್ನು ಎಚ್‌ಟಿಪಿಸಿ ಎಂದೂ ಮೀಡಿಯಾ ಸೆಂಟರ್ ಪಿಸಿ ಎಂದೂ ಕರೆಯಲಾಗುತ್ತದೆ. ಇದರ ಬಿಡಿಭಾಗಗಳು ಸಾಮಾನ್ಯ ಗಣಕಯಂತ್ರದವೇ ಆಗಿದ್ದರೂ, ಅವುಗಳನ್ನು ಆರಿಸುವ ಮಾನದಂಡ ಬೇರೆಯಾಗಿದೆ. ಕಚೇರಿಯ ಅಥವಾ ಆಟಗಳ ಗಣಕಯಂತ್ರದಲ್ಲಿ ವೇಗಕ್ಕೆ ಮೊದಲ ಸ್ಥಾನವಿದ್ದರೆ, ಇಲ್ಲಿ ವಿಡಿಯೊವನ್ನು ತಡೆಯಿಲ್ಲದೆ ಬಿಡಿಸುವ ಸಾಮರ್ಥ್ಯ, ಟಿವಿಯೊಂದಿಗಿನ ಹೊಂದಾಣಿಕೆ, ನಿಶ್ಶಬ್ದತೆ ಮತ್ತು ಕಡಿಮೆ ವಿದ್ಯುತ್ ಬಳಕೆ ಮುಖ್ಯವಾಗುತ್ತವೆ. ಹೆಚ್ಚು ಬೆಲೆಯ ಬಿಡಿಭಾಗಗಳಿಂದ ಕಟ್ಟಿದ ಯಂತ್ರವು ಒಂದು ಹೊಂದಾಣಿಕೆಯ ಕೊರತೆಯಿಂದ ಚಿತ್ರವನ್ನು ಸರಿಯಾಗಿ ತೋರಿಸದಿರಬಹುದು. ಅದೇ ಕೆಲಸವನ್ನು ಅಂಗೈಯಗಲದ ಅಗ್ಗದ ಯಂತ್ರವೊಂದು ಸಲೀಸಾಗಿ ಮಾಡಬಹುದು.

## ಇತಿಹಾಸ

ಗಣಕಯಂತ್ರವನ್ನು ಮನೆಯ ನಡುಮನೆಗೆ ತರುವ ಪ್ರಯತ್ನಗಳು 1990ರ ದಶಕದಲ್ಲಿ ಆರಂಭವಾದವು. ಅಮೆರಿಕದ ಗೇಟ್‌ವೇ 2000 ಸಂಸ್ಥೆಯು 1996ರಲ್ಲಿ 31 ಅಂಗುಲದ ದೊಡ್ಡ ಪರದೆಯೊಂದಿಗೆ ಡೆಸ್ಟಿನೇಷನ್ ಎಂಬ ಗಣಕಯಂತ್ರವನ್ನು ಮಾರುಕಟ್ಟೆಗೆ ತಂದಿತು. 2002ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಎಕ್ಸ್‌ಪಿಯ ಮೀಡಿಯಾ ಸೆಂಟರ್ ಆವೃತ್ತಿಯನ್ನು ಬಿಡುಗಡೆ ಮಾಡಿತು. ರಿಮೋಟ್‌ನಿಂದ ನಡೆಸಬಹುದಾದ, ದೂರದಿಂದಲೂ ಓದಬಹುದಾದ ದೊಡ್ಡ ಅಕ್ಷರಗಳ ಪರದೆ ಅದರ ವಿಶೇಷವಾಗಿತ್ತು. ಅದೇ ವರ್ಷ ಲಿನಕ್ಸ್‌ಗಾಗಿ ಮಿಥ್‌ಟಿವಿ ಎಂಬ ಮುಕ್ತ ತಂತ್ರಾಂಶ ಯೋಜನೆ ಆರಂಭವಾಯಿತು.

ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಆಟದ ಯಂತ್ರಕ್ಕಾಗಿ ಹವ್ಯಾಸಿಗಳು 2002ರಲ್ಲಿ ಬರೆಯತೊಡಗಿದ ಎಕ್ಸ್‌ಬಾಕ್ಸ್ ಮೀಡಿಯಾ ಪ್ಲೇಯರ್ ಮುಂದೆ ಎಕ್ಸ್‌ಬಿಎಂಸಿ ಎಂದಾಗಿ, 2014ರಲ್ಲಿ ಕೋಡಿ ಎಂಬ ಹೆಸರನ್ನು ಪಡೆಯಿತು. ಪ್ಲೆಕ್ಸ್ ತಂತ್ರಾಂಶವು ಈ ಯೋಜನೆಯಿಂದಲೇ ಕವಲೊಡೆದದ್ದು. 2015ರಲ್ಲಿ ಬಂದ ವಿಂಡೋಸ್ 10ರಿಂದ ಮೈಕ್ರೋಸಾಫ್ಟ್ ತನ್ನ ಮೀಡಿಯಾ ಸೆಂಟರನ್ನು ಕೈಬಿಟ್ಟಿತು.

ಯಂತ್ರಾಂಶದ ಕಡೆಯಲ್ಲಿ, ತೈವಾನಿನ ವಯಾ ಸಂಸ್ಥೆಯು 2001ರಲ್ಲಿ ರೂಪಿಸಿದ ಮಿನಿ-ಐಟಿಎಕ್ಸ್ ಮದರ್‌ಬೋರ್ಡ್ ಅಳತೆಯು ಚಿಕ್ಕ ಯಂತ್ರಗಳ ನಿರ್ಮಾಣಕ್ಕೆ ದಾರಿಮಾಡಿತು. 2010ರ ದಶಕದಲ್ಲಿ ರಾಸ್ಪ್‌ಬೆರಿ ಪೈ ಮತ್ತು ಇಂಟೆಲ್‌ನ ಎನ್‌ಯುಸಿ ಮೊದಲಾದ ಕಿರುಯಂತ್ರಗಳು ಜನಪ್ರಿಯವಾದವು. ಇಂಟೆಲ್ ಸಂಸ್ಥೆಯು 2023ರಲ್ಲಿ ಎನ್‌ಯುಸಿ ವಿಭಾಗದಿಂದ ಹಿಂದೆ ಸರಿದು, ಅದರ ತಯಾರಿಕೆಯ ಪರವಾನಗಿಯನ್ನು ಏಸುಸ್ ಸಂಸ್ಥೆಗೆ ನೀಡಿತು.

## ಇತರ ಸಾಧನಗಳೊಂದಿಗೆ ಹೋಲಿಕೆ

ಸ್ಮಾರ್ಟ್ ಟಿವಿ ಮತ್ತು ಟಿವಿಗೆ ಸಿಕ್ಕಿಸುವ ಸ್ಟ್ರೀಮಿಂಗ್ ಸ್ಟಿಕ್‌ಗಳು ಅಂತರಜಾಲ ಚಿತ್ರಸೇವೆಗಳ ವೀಕ್ಷಣೆಗೆ ಅಗ್ಗವೂ ಸರಳವೂ ಆದ ಸಾಧನಗಳಾಗಿವೆ. ಇಂತಹ ಸೇವೆಗಳನ್ನು ಮಾತ್ರ ನೋಡುವ ಮನೆಗೆ ಪ್ರತ್ಯೇಕ ಗಣಕಯಂತ್ರದ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಹಲವು ಸೇವೆಗಳು ತಮ್ಮ ಅತ್ಯುತ್ತಮ ಗುಣಮಟ್ಟದ ಚಿತ್ರವನ್ನು ಪ್ರಮಾಣೀಕೃತ ಟಿವಿ ಮತ್ತು ಸ್ಟಿಕ್‌ಗಳಿಗೆ ನೀಡಿ, ಗಣಕಯಂತ್ರದ ಬ್ರೌಸರಿಗೆ ಕಡಿಮೆ ಗುಣಮಟ್ಟದ ಚಿತ್ರವನ್ನು ನೀಡುವುದೂ ಉಂಟು.

ಗಣಕಯಂತ್ರದ ಅನುಕೂಲಗಳು ಬೇರೆ ಸಂದರ್ಭಗಳಲ್ಲಿ ಕಾಣಿಸುತ್ತವೆ. ಸ್ವಂತ ಡಿವಿಡಿ ಮತ್ತು ಬ್ಲೂ-ರೇ ಸಂಗ್ರಹ, ಮದುವೆ ಹಾಗೂ ಮನೆಯ ಸಮಾರಂಭಗಳ ವಿಡಿಯೊ, ವರ್ಷಗಳಿಂದ ಕೂಡಿಟ್ಟ ಸಂಗೀತ ಮತ್ತು ಛಾಯಾಚಿತ್ರಗಳು ಒಂದೇ ಕಡೆ ಇರಬೇಕೆಂದಾಗ, ಟಿವಿ ಕಾರ್ಯಕ್ರಮಗಳನ್ನು ಧ್ವನಿಮುದ್ರಣ ಸಹಿತ ದಾಖಲಿಸಬೇಕಾದಾಗ, ಅಥವಾ ಅದೇ ಪರದೆಯಲ್ಲಿ ಆಟವಾಡಬೇಕಾದಾಗ ಇದು ಉಪಯುಕ್ತ. ಟಿವಿ ತಯಾರಕರು ಕೆಲವು ವರ್ಷಗಳ ಬಳಿಕ ಹಳೆಯ ಮಾದರಿಗಳಿಗೆ ಹೊಸ ತಂತ್ರಾಂಶ ಕೊಡುವುದನ್ನು ನಿಲ್ಲಿಸುತ್ತಾರೆ. ಗಣಕಯಂತ್ರದಲ್ಲಿ ತಂತ್ರಾಂಶವನ್ನೂ ಬಿಡಿಭಾಗವನ್ನೂ ಬಳಕೆದಾರನೇ ಬದಲಿಸಿಕೊಳ್ಳಬಹುದು.

## ಆಯ್ಕೆಯ ಕ್ರಮ

ಬಿಡಿಭಾಗಗಳ ಆಯ್ಕೆಯನ್ನು ಪ್ರೊಸೆಸರಿನಿಂದ ಆರಂಭಿಸುವುದು ವಾಡಿಕೆ. ಹೋಮ್ ಥಿಯೇಟರ್ ಕಂಪ್ಯೂಟರಿನ ವಿಷಯದಲ್ಲಿ ಪರದೆಯಿಂದ ಹಿಮ್ಮುಖವಾಗಿ ಬರುವುದು ಹೆಚ್ಚು ಸೂಕ್ತ. ಮೊದಲು ಟಿವಿಯ ಸೂಕ್ಷ್ಮತೆ, ಅಂದರೆ 1920×1080 ಅಥವಾ 3840×2160 ಚಿತ್ರಬಿಂದುಗಳು, ಮತ್ತು ಅದು ಎಚ್‌ಡಿಆರ್ ಚಿತ್ರವನ್ನು ತೋರಿಸಬಲ್ಲುದೇ ಎಂಬುದು ತಿಳಿದಿರಬೇಕು. ಅನಂತರ ಧ್ವನಿ ಎಲ್ಲಿಂದ ಹೊರಡುತ್ತದೆ ಎಂಬುದು: ಟಿವಿಯ ಸ್ಪೀಕರ್, ಸೌಂಡ್‌ಬಾರ್ ಅಥವಾ ಎವಿ ರಿಸೀವರ್. ಮೂರನೆಯದಾಗಿ ಚಿತ್ರಗಳ ಮೂಲ: ಕಡತ, ಡಿಸ್ಕ್, ಅಂತರಜಾಲ ಅಥವಾ ಉಪಗ್ರಹ ಪ್ರಸಾರ. ಈ ಮೂರೂ ನಿಶ್ಚಯವಾದ ಬಳಿಕ ಯಾವ ವಿಡಿಯೊ ವಿಧಾನವನ್ನು ಬಿಡಿಸಬೇಕು, ಯಾವ ಎಚ್‌ಡಿಎಂಐ ಆವೃತ್ತಿ ಬೇಕು, ಎಷ್ಟು ಶೇಖರಣೆ ಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ದೊರೆಯುತ್ತದೆ.

## ವಿಡಿಯೊ ಡಿಕೋಡಿಂಗ್

ಚಲನಚಿತ್ರವನ್ನು ಕಡತದಲ್ಲಿ ಸಂಕುಚಿತ ರೂಪದಲ್ಲಿ ಇರಿಸಲಾಗುತ್ತದೆ. ಸಂಕುಚಿಸುವ ಮತ್ತು ಬಿಡಿಸುವ ಗಣಿತೀಯ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ಬಿಡಿಸುವ ಕೆಲಸವನ್ನು ಪ್ರೊಸೆಸರಿನ ಸಾಮಾನ್ಯ ಭಾಗವು ತಂತ್ರಾಂಶದ ಮೂಲಕ ಮಾಡಬಹುದು, ಇಲ್ಲವೇ ಅದಕ್ಕೆಂದೇ ಚಿಪ್‌ನಲ್ಲಿ ಕೆತ್ತಿದ ಪ್ರತ್ಯೇಕ ಮಂಡಲವು ಮಾಡಬಹುದು. ಎರಡನೆಯದಕ್ಕೆ ಯಂತ್ರಾಂಶ ಡಿಕೋಡಿಂಗ್ ಎನ್ನುತ್ತಾರೆ. 4ಕೆ ಚಿತ್ರವನ್ನು ತಂತ್ರಾಂಶದಿಂದ ಬಿಡಿಸಲು ಹೊರಟರೆ ಪ್ರೊಸೆಸರ್ ಪೂರ್ಣ ಹೊರೆಯಲ್ಲಿ ದುಡಿದು, ಬಿಸಿಯಾಗಿ, ಫ್ಯಾನ್ ಜೋರಾಗಿ ತಿರುಗತೊಡಗುತ್ತದೆ. ಸಾಮರ್ಥ್ಯ ಸಾಲದಿದ್ದರೆ ಚಿತ್ರ ತಡೆತಡೆದು ಓಡುತ್ತದೆ. ಯಂತ್ರಾಂಶ ಡಿಕೋಡಿಂಗ್ ಇದ್ದಲ್ಲಿ ಅದೇ ಚಿತ್ರವನ್ನು ಕೆಲವೇ ವ್ಯಾಟ್‌ಗಳಲ್ಲಿ ನೋಡಬಹುದು.

ಆದುದರಿಂದ ಪ್ರೊಸೆಸರಿನ ಗಿಗಾಹರ್ಟ್ಸ್ ಅಥವಾ ಕೋರ್‌ಗಳ ಸಂಖ್ಯೆಗಿಂತ ಅದು ಯಾವ ಪೀಳಿಗೆಯದು ಎಂಬುದು ಇಲ್ಲಿ ನಿರ್ಣಾಯಕ. ಪ್ರಮುಖ ಕೋಡೆಕ್‌ಗಳನ್ನು ಯಂತ್ರಾಂಶದಲ್ಲಿ ಬಿಡಿಸಬಲ್ಲ ಪೀಳಿಗೆಗಳು ಹೀಗಿವೆ:

| ಕೋಡೆಕ್ | ಪ್ರಕಟವಾದ ವರ್ಷ | ಇಂಟೆಲ್ | ಎಎಂಡಿ | ಎನ್‌ವಿಡಿಯಾ |
|---|---|---|---|---|
| ಎಚ್.264 | 2003 | ಬಳಕೆಯಲ್ಲಿರುವ ಬಹುತೇಕ ಎಲ್ಲ ಮಾದರಿಗಳು | ಬಳಕೆಯಲ್ಲಿರುವ ಬಹುತೇಕ ಎಲ್ಲ ಮಾದರಿಗಳು | ಬಳಕೆಯಲ್ಲಿರುವ ಬಹುತೇಕ ಎಲ್ಲ ಮಾದರಿಗಳು |
| ಎಚ್‌ಇವಿಸಿ, 10 ಬಿಟ್ | 2013 | 7ನೇ ಪೀಳಿಗೆಯ ಕೋರ್‌ನಿಂದ | ರೇಡಿಯಾನ್ ಆರ್‌ಎಕ್ಸ್ 400ರಿಂದ | ಜಿಟಿಎಕ್ಸ್ 10 ಸರಣಿಯಿಂದ |
| ವಿಪಿ9 | 2013 | 7ನೇ ಪೀಳಿಗೆಯ ಕೋರ್‌ನಿಂದ | ರೈಜೆನ್ 2000ಜಿ ಸರಣಿಯಿಂದ | ಜಿಟಿಎಕ್ಸ್ 10 ಸರಣಿಯಿಂದ |
| ಎವಿ1 | 2018 | 11ನೇ ಪೀಳಿಗೆಯ ಕೋರ್‌ನಿಂದ | ರೇಡಿಯಾನ್ ಆರ್‌ಎಕ್ಸ್ 6000ದ ಹೆಚ್ಚಿನ ಕಾರ್ಡ್‌ಗಳು | ಆರ್‌ಟಿಎಕ್ಸ್ 30 ಸರಣಿಯಿಂದ |

ಹೆಸರಿನ ಸರಣಿಯೊಂದನ್ನೇ ನೋಡಿ ನಿರ್ಧರಿಸಿದರೆ ತಪ್ಪಾಗುವ ಸಂಭವವಿದೆ. ಎಎಂಡಿಯ ಆರ್‌ಎಕ್ಸ್ 6400 ಮತ್ತು 6500 ಎಕ್ಸ್‌ಟಿ ಕಾರ್ಡ್‌ಗಳು 6000 ಸರಣಿಗೇ ಸೇರಿದ್ದರೂ ಎವಿ1 ಬಿಡಿಸುವ ಮಂಡಲವನ್ನು ಹೊಂದಿಲ್ಲ. 2023ರ ರಾಸ್ಪ್‌ಬೆರಿ ಪೈ 5ರಲ್ಲಿ ಎಚ್‌ಇವಿಸಿ ಮಂಡಲವಿದೆ. ಆದರೆ ಹಿಂದಿನ ಮಾದರಿಯಲ್ಲಿದ್ದ ಎಚ್.264 ಮಂಡಲವನ್ನು ತೆಗೆದುಹಾಕಿ, ಆ ಕೆಲಸವನ್ನು ಪ್ರೊಸೆಸರಿಗೆ ಬಿಡಲಾಗಿದೆ.

10 ಬಿಟ್ ಎಂಬುದು ಪ್ರತಿ ಮೂಲವರ್ಣದ ಛಾಯೆಗಳ ಸಂಖ್ಯೆಯನ್ನು ಸೂಚಿಸುತ್ತದೆ. 8 ಬಿಟ್‌ನಲ್ಲಿ 256 ಛಾಯೆಗಳಿದ್ದರೆ 10 ಬಿಟ್‌ನಲ್ಲಿ 1024 ಛಾಯೆಗಳಿರುತ್ತವೆ. ಎಚ್‌ಡಿಆರ್ ಚಿತ್ರಗಳು ಕನಿಷ್ಠ 10 ಬಿಟ್‌ನವು. ಇಂಟೆಲ್‌ನ 6ನೇ ಪೀಳಿಗೆಯ ಚಿಪ್‌ಗಳು 8 ಬಿಟ್‌ನ ಎಚ್‌ಇವಿಸಿಯನ್ನು ಮಾತ್ರ ಯಂತ್ರಾಂಶದಲ್ಲಿ ಪೂರ್ಣವಾಗಿ ಬಿಡಿಸುತ್ತವೆ. ಹಳೆಯ ಕಚೇರಿ ಗಣಕಯಂತ್ರವನ್ನು ಕೊಂಡು ಹೋಮ್ ಥಿಯೇಟರಿಗೆ ಬಳಸಲು ಯೋಚಿಸುವವರಿಗೆ 6 ಮತ್ತು 7ನೇ ಪೀಳಿಗೆಗಳ ನಡುವಿನ ಈ ವ್ಯತ್ಯಾಸ ಮುಖ್ಯವಾದುದು.

## ಪ್ರೊಸೆಸರ್ ಮತ್ತು ಗ್ರಾಫಿಕ್ಸ್

ಚಿತ್ರವೀಕ್ಷಣೆಗೆ ಮಾತ್ರ ಮೀಸಲಾದ ಯಂತ್ರಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಭಾಗವು ಸಾಕಾಗುತ್ತದೆ. ಕಾರ್ಡ್ ಸೇರಿದರೆ ವೆಚ್ಚದ ಜೊತೆಗೆ ಶಾಖ, ಸದ್ದು ಮತ್ತು ಕ್ಯಾಬಿನೆಟ್ಟಿನ ಗಾತ್ರವೂ ಹೆಚ್ಚುತ್ತದೆ.

ಎಲ್ಲ ಪ್ರೊಸೆಸರ್‌ಗಳಲ್ಲಿಯೂ ಗ್ರಾಫಿಕ್ಸ್ ಭಾಗವಿರುವುದಿಲ್ಲ. ಇಂಟೆಲ್ ಕೋರ್ ಮಾದರಿಗಳ ಸಂಖ್ಯೆಯ ಕೊನೆಯಲ್ಲಿ ‘ಎಫ್’ ಅಕ್ಷರವಿದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಎಎಂಡಿಯ ರೈಜೆನ್ 5000 ಸರಣಿಯವರೆಗಿನ ಮೇಜುಗಣಕ ಪ್ರೊಸೆಸರ್‌ಗಳಲ್ಲಿ ‘ಜಿ’ ಅಕ್ಷರದಿಂದ ಗುರುತಿಸುವ ಮಾದರಿಗಳಲ್ಲಿ ಮಾತ್ರ ಗ್ರಾಫಿಕ್ಸ್ ಇರುತ್ತದೆ. ರೈಜೆನ್ 7000 ಸರಣಿಯಿಂದ ಹೆಚ್ಚಿನ ಮಾದರಿಗಳಲ್ಲಿ ಚಿಕ್ಕ ಗ್ರಾಫಿಕ್ಸ್ ಭಾಗವನ್ನು ಸೇರಿಸಲಾಗಿದೆ. ರಿಯಾಯಿತಿ ದರದ ‘ಎಫ್’ ಮಾದರಿಯನ್ನು ಕೊಂಡು, ಮದರ್‌ಬೋರ್ಡಿನ ಎಚ್‌ಡಿಎಂಐ ಕಿಂಡಿಗೆ ಟಿವಿಯನ್ನು ಜೋಡಿಸಿದಾಗ ಪರದೆ ಖಾಲಿಯಾಗಿಯೇ ಉಳಿಯುತ್ತದೆ. ಮೊದಲ ಬಾರಿಗೆ ಯಂತ್ರ ಕಟ್ಟುವವರಲ್ಲಿ ಇದು ಸಾಮಾನ್ಯವಾದ ಎಡವಟ್ಟು.

2023ರಲ್ಲಿ ಬಂದ ಇಂಟೆಲ್ ಎನ್100 ಪ್ರೊಸೆಸರ್ ಈ ಬಗೆಯ ಕೆಲಸಕ್ಕೆ ಹೊಂದುವ ಒಂದು ಉದಾಹರಣೆ. ಅದರಲ್ಲಿ ನಾಲ್ಕು ಕೋರ್‌ಗಳಿವೆ. ತಯಾರಕರು ನಮೂದಿಸಿದ ಶಾಖಮಿತಿ 6 ವ್ಯಾಟ್. ಮೇಲಿನ ಪಟ್ಟಿಯ ನಾಲ್ಕೂ ಕೋಡೆಕ್‌ಗಳನ್ನು ಅದು ಯಂತ್ರಾಂಶದಲ್ಲಿಯೇ ಬಿಡಿಸುತ್ತದೆ. ಹೊಸ ಗಣಕ ಆಟಗಳನ್ನು ಆಡುವ ಉದ್ದೇಶವಿದ್ದರೆ ಇಂತಹ ಚಿಪ್ ಸಾಲದು. ಆಗ ಗ್ರಾಫಿಕ್ಸ್ ಕಾರ್ಡ್ ಅನಿವಾರ್ಯವಾಗುತ್ತದೆ.

## ಮದರ್‌ಬೋರ್ಡ್ ಮತ್ತು ಎಚ್‌ಡಿಎಂಐ

ಮಿನಿ-ಐಟಿಎಕ್ಸ್ ಬೋರ್ಡಿನ ಅಳತೆ 170×170 ಮಿಲಿಮೀಟರ್, ಮೈಕ್ರೋ-ಎಟಿಎಕ್ಸ್‌ನದು ಗರಿಷ್ಠ 244×244 ಮಿಲಿಮೀಟರ್. ಮೊದಲನೆಯದು ಟಿವಿ ಸ್ಟ್ಯಾಂಡಿನೊಳಗೆ ಹಿಡಿಸುವ ಯಂತ್ರಕ್ಕೆ ಸೂಕ್ತ. ಎರಡನೆಯದು ಸಾಮಾನ್ಯವಾಗಿ ಅಗ್ಗವಾಗಿದ್ದು, ಟ್ಯೂನರ್ ಕಾರ್ಡ್ ಮೊದಲಾದವುಗಳಿಗೆ ಹೆಚ್ಚು ಸ್ಥಳಾವಕಾಶ ನೀಡುತ್ತದೆ.

ಬೋರ್ಡಿನಲ್ಲಿ ಎಚ್‌ಡಿಎಂಐ ಕಿಂಡಿ ಇದೆ ಎಂದು ತಿಳಿದರೆ ಸಾಲದು, ಅದರ ಆವೃತ್ತಿಯನ್ನೂ ಗಮನಿಸಬೇಕು. 2009ರ 1.4 ಆವೃತ್ತಿಯು 4ಕೆ ಚಿತ್ರವನ್ನು ಸೆಕೆಂಡಿಗೆ 30 ಬಾರಿ ಮಾತ್ರ ಕಳುಹಿಸಬಲ್ಲುದು. 2013ರ 2.0 ಆವೃತ್ತಿಯು ಸೆಕೆಂಡಿಗೆ 18 ಗಿಗಾಬಿಟ್ ಸಾಮರ್ಥ್ಯದೊಂದಿಗೆ 60 ಬಾರಿ ಕಳುಹಿಸುತ್ತದೆ. 2017ರ 2.1 ಆವೃತ್ತಿಯ ಗರಿಷ್ಠ ಸಾಮರ್ಥ್ಯ 48 ಗಿಗಾಬಿಟ್. ಹಳೆಯ ಬೋರ್ಡುಗಳಲ್ಲಿ ಪ್ರೊಸೆಸರ್ ಸಮರ್ಥವಾಗಿದ್ದರೂ ಕಿಂಡಿಯು 1.4 ಆವೃತ್ತಿಯದೇ ಆಗಿರುವುದುಂಟು. ಅಂತಹ ಬೋರ್ಡಿನಲ್ಲಿ ಡಿಸ್‌ಪ್ಲೇಪೋರ್ಟ್ ಕಿಂಡಿ ಇದ್ದರೆ, ಅದರಿಂದ ಎಚ್‌ಡಿಎಂಐ 2.0ಕ್ಕೆ ಪರಿವರ್ತಿಸುವ ಸಕ್ರಿಯ ಅಡಾಪ್ಟರ್ ಬಳಸಿ ಕೊರತೆಯನ್ನು ನೀಗಿಸಬಹುದು.

ಕೇಬಲ್ ಕೂಡ ಈ ಸರಪಣಿಯ ಒಂದು ಕೊಂಡಿ. 18 ಗಿಗಾಬಿಟ್‌ಗೆ ‘ಪ್ರೀಮಿಯಂ ಹೈ ಸ್ಪೀಡ್’ ಮತ್ತು 48 ಗಿಗಾಬಿಟ್‌ಗೆ ‘ಅಲ್ಟ್ರಾ ಹೈ ಸ್ಪೀಡ್’ ಎಂಬ ಪ್ರಮಾಣೀಕರಣಗಳಿವೆ. ಚಿತ್ರವು ಆಗಾಗ ಮಾಯವಾಗುವುದು ಅಥವಾ ಪರದೆಯಲ್ಲಿ ಬಿಳಿಚುಕ್ಕೆಗಳು ಮಿನುಗುವುದು ಹಲವು ಬಾರಿ ಕೇಬಲ್ಲಿನ ದೋಷದಿಂದ ಆಗಿರುತ್ತದೆ.

## ಮೆಮೊರಿ

ಲಿನಕ್ಸ್ ಆಧಾರಿತ ಕೋಡಿ ಯಂತ್ರಕ್ಕೆ 4 ಗಿಗಾಬೈಟ್, ವಿಂಡೋಸ್ ಯಂತ್ರಕ್ಕೆ 8 ಗಿಗಾಬೈಟ್ ಮೆಮೊರಿ ಸಾಕು. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಭಾಗಕ್ಕೆ ಸ್ವಂತ ಮೆಮೊರಿ ಇಲ್ಲದೆ ಮುಖ್ಯ ಮೆಮೊರಿಯನ್ನೇ ಹಂಚಿಕೊಳ್ಳುವುದರಿಂದ, ಬೋರ್ಡು ಅವಕಾಶ ನೀಡಿದರೆ 8 ಗಿಗಾಬೈಟ್‌ನ ಒಂದು ಪಟ್ಟಿಗಿಂತ 4 ಗಿಗಾಬೈಟ್‌ನ ಎರಡು ಪಟ್ಟಿಗಳು ಹೆಚ್ಚು ವೇಗ ನೀಡುತ್ತವೆ. ಎನ್100ರಂತಹ ಚಿಪ್‌ಗಳಲ್ಲಿ ಒಂದೇ ಮೆಮೊರಿ ಚಾನೆಲ್ ಇರುವುದರಿಂದ ಈ ಮಾತು ಅನ್ವಯಿಸುವುದಿಲ್ಲ.

## ಶೇಖರಣೆ

ಕಾರ್ಯಾಚರಣಾ ವ್ಯವಸ್ಥೆ ಮತ್ತು ಭಿತ್ತಿಚಿತ್ರಗಳ ಸೂಚಿಯನ್ನು ಚಿಕ್ಕ ಎಸ್‌ಎಸ್‌ಡಿಯಲ್ಲಿಯೂ ಚಲನಚಿತ್ರಗಳನ್ನು ಹಾರ್ಡ್ ಡಿಸ್ಕಿನಲ್ಲಿಯೂ ಇರಿಸುವುದು ರೂಢಿ. ಚಿತ್ರಗಳನ್ನು ಓದಲು ಹಾರ್ಡ್ ಡಿಸ್ಕಿನ ವೇಗ ಧಾರಾಳವಾಗಿ ಸಾಕು: ಅಲ್ಟ್ರಾ ಎಚ್‌ಡಿ ಬ್ಲೂ-ರೇಯ ಗರಿಷ್ಠ ದತ್ತಾಂಶ ಪ್ರವಾಹವೇ ಸೆಕೆಂಡಿಗೆ 128 ಮೆಗಾಬಿಟ್, ಅಂದರೆ 16 ಮೆಗಾಬೈಟ್.

ಕಡತದ ಗಾತ್ರವನ್ನು ಬಿಟ್ ದರದಿಂದ ಲೆಕ್ಕ ಹಾಕಬಹುದು. ಸೆಕೆಂಡಿಗೆ ಸರಾಸರಿ 5 ಮೆಗಾಬಿಟ್ ದರದ ಎರಡು ಗಂಟೆಯ ಚಿತ್ರವು 4.5 ಗಿಗಾಬೈಟ್ ಆಗುತ್ತದೆ. 30 ಮೆಗಾಬಿಟ್ ದರದಲ್ಲಿ ಅದು 27 ಗಿಗಾಬೈಟ್, 60 ಮೆಗಾಬಿಟ್ ದರದಲ್ಲಿ 54 ಗಿಗಾಬೈಟ್. ಹೀಗಾಗಿ 4 ಟೆರಾಬೈಟ್ ಡಿಸ್ಕಿನಲ್ಲಿ ಮೊದಲ ಬಗೆಯ ಸುಮಾರು 888, ಎರಡನೆಯ ಬಗೆಯ ಸುಮಾರು 148, ಮೂರನೆಯ ಬಗೆಯ ಸುಮಾರು 74 ಚಿತ್ರಗಳು ಹಿಡಿಸುತ್ತವೆ. 4 ಟೆರಾಬೈಟ್ ಡಿಸ್ಕನ್ನು ವಿಂಡೋಸ್ 3.64 ಎಂದು ತೋರಿಸುವುದು ಎಣಿಕೆಯ ಕ್ರಮದ ವ್ಯತ್ಯಾಸದಿಂದಲೇ ಹೊರತು ಡಿಸ್ಕಿನ ದೋಷದಿಂದಲ್ಲ.

ಹಾರ್ಡ್ ಡಿಸ್ಕ್ ಒಂದಲ್ಲ ಒಂದು ದಿನ ಕೆಡುವ ಬಿಡಿಭಾಗ. ಅಂಗಡಿಯಲ್ಲಿ ದೊರೆಯುವ ಚಲನಚಿತ್ರವನ್ನು ಮತ್ತೆ ಸಂಪಾದಿಸಬಹುದು, ಮನೆಯವರ ಛಾಯಾಚಿತ್ರ ಮತ್ತು ವಿಡಿಯೊಗಳನ್ನು ಸಂಪಾದಿಸಲಾಗದು. ಇಂತಹವುಗಳ ಎರಡನೆಯ ಪ್ರತಿಯನ್ನು ಯಂತ್ರದಿಂದ ಬೇರ್ಪಡಿಸಿಟ್ಟ ಮತ್ತೊಂದು ಡಿಸ್ಕಿನಲ್ಲಿ ಇಡುವುದು ಅಗತ್ಯ. ಎರಡು ಡಿಸ್ಕುಗಳನ್ನು ಒಂದೇ ಯಂತ್ರದೊಳಗೆ ಪ್ರತಿಬಿಂಬವಾಗಿ ಜೋಡಿಸುವ ರೈಡ್ ವ್ಯವಸ್ಥೆಯು ಡಿಸ್ಕ್ ಕೆಟ್ಟಾಗ ಕಾಯುತ್ತದೆ. ಕೈತಪ್ಪಿನಿಂದ ಅಳಿಸಿದ ಕಡತವನ್ನು ಅದು ಉಳಿಸುವುದಿಲ್ಲ.

## ಧ್ವನಿ

ಟಿವಿಯ ಸ್ಪೀಕರ್ ಅಥವಾ ಎರಡು ಸ್ಪೀಕರ್‌ಗಳ ವ್ಯವಸ್ಥೆಗೆ ಯಾವ ವಿಶೇಷ ಸಿದ್ಧತೆಯೂ ಬೇಡ. ಬಹುವಾಹಿನಿ ಧ್ವನಿಗೆ ಮಾರ್ಗದ ಆಯ್ಕೆ ಮುಖ್ಯ. ಎಸ್/ಪಿಡಿಐಎಫ್ ಆಪ್ಟಿಕಲ್ ತಂತಿಯು ಎರಡು ವಾಹಿನಿಗಳ ಪಿಸಿಎಂ ಧ್ವನಿಯನ್ನು, ಇಲ್ಲವೇ ಸಂಕುಚಿತ ಡಾಲ್ಬಿ ಡಿಜಿಟಲ್ ಮತ್ತು ಡಿಟಿಎಸ್ 5.1 ಧ್ವನಿಯನ್ನು ಸಾಗಿಸಬಲ್ಲುದು. ಬ್ಲೂ-ರೇಯ ನಷ್ಟರಹಿತ ಡಾಲ್ಬಿ ಟ್ರೂಎಚ್‌ಡಿ ಮತ್ತು ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಅದರಲ್ಲಿ ಹಾಯುವುದಿಲ್ಲ. ಅವಕ್ಕೆ ಎಚ್‌ಡಿಎಂಐ ಬೇಕು.

ಗಣಕಯಂತ್ರವು ಧ್ವನಿಯನ್ನು ತಾನೇ ಬಿಡಿಸಿ ಪಿಸಿಎಂ ರೂಪದಲ್ಲಿ ಕಳುಹಿಸಬಹುದು, ಇಲ್ಲವೇ ಬಿಡಿಸದೆ ರಿಸೀವರಿಗೆ ಹಾಗೆಯೇ ದಾಟಿಸಬಹುದು. ಎರಡನೆಯದಕ್ಕೆ ಪಾಸ್‌ಥ್ರೂ ಎನ್ನುತ್ತಾರೆ. ಡಾಲ್ಬಿ ಅಟ್ಮಾಸ್‌ನ ಮೇಲ್ಛಾವಣಿ ಸ್ಪೀಕರ್‌ಗಳ ಮಾಹಿತಿ ಉಳಿಯಬೇಕಾದರೆ ಸಾಮಾನ್ಯವಾಗಿ ಪಾಸ್‌ಥ್ರೂ ಬಳಸಬೇಕಾಗುತ್ತದೆ. ಗಣಕಯಂತ್ರವನ್ನು ಟಿವಿಗೂ ಟಿವಿಯನ್ನು ರಿಸೀವರಿಗೂ ಜೋಡಿಸಿದ ಸಂದರ್ಭದಲ್ಲಿ ಹಳೆಯ ಎಆರ್‌ಸಿ ಮಾರ್ಗವು ನಷ್ಟರಹಿತ ಧ್ವನಿಯನ್ನು ಸಾಗಿಸದು. ಇಎಆರ್‌ಸಿ ಇರುವ ಟಿವಿ ಮತ್ತು ರಿಸೀವರ್ ಎರಡೂ ಬೇಕು. ಗಣಕಯಂತ್ರವನ್ನು ನೇರವಾಗಿ ರಿಸೀವರಿಗೆ ಜೋಡಿಸಿ, ಅಲ್ಲಿಂದ ಟಿವಿಗೆ ಚಿತ್ರವನ್ನು ಕೊಂಡೊಯ್ಯುವುದು ಸರಳ ಪರಿಹಾರ. ಈ ಜೋಡಣೆಗಳಲ್ಲಿ ಪ್ರತ್ಯೇಕ ಸೌಂಡ್ ಕಾರ್ಡಿನ ಪಾತ್ರವೇ ಇರುವುದಿಲ್ಲ.

## ಸದ್ದು, ಶಾಖ ಮತ್ತು ವಿದ್ಯುತ್

ಚಿತ್ರದ ಮೌನದ ಕ್ಷಣಗಳಲ್ಲಿ ಫ್ಯಾನಿನ ಸದ್ದು ಎದ್ದು ಕೇಳುತ್ತದೆ. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಅದರ ಸದ್ದು ಸ್ಥೂಲವಾಗಿ 15 ಡೆಸಿಬೆಲ್‌ನಷ್ಟು ತಗ್ಗುತ್ತದೆ. 120 ಮಿಲಿಮೀಟರ್ ಫ್ಯಾನು 80 ಮಿಲಿಮೀಟರ್ ಫ್ಯಾನಿಗಿಂತ ನಿಧಾನವಾಗಿ ತಿರುಗಿಯೂ ಅಷ್ಟೇ ಗಾಳಿಯನ್ನು ದೂಡುವುದರಿಂದ, ಸ್ಥಳವಿದ್ದಲ್ಲಿ ದೊಡ್ಡ ಫ್ಯಾನೇ ಮೇಲು. ಅತ್ಯಲ್ಪ ವಿದ್ಯುತ್ತಿನ ಚಿಪ್‌ಗಳನ್ನು ಫ್ಯಾನಿಲ್ಲದೆ ಕೇವಲ ಹೀಟ್‌ಸಿಂಕ್‌ನಿಂದ ತಂಪಾಗಿಡಬಹುದು. ಬೇಸಿಗೆಯಲ್ಲಿ ಕೋಣೆಯ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ದಾಟುವ ಊರುಗಳಲ್ಲಿ ಇಂತಹ ಯಂತ್ರವನ್ನು ಮುಚ್ಚಿದ ಷೋಕೇಸಿನೊಳಗೆ ಇಡುವುದು ಅಪಾಯಕರ. ಹಿಂಬದಿಯಲ್ಲಿಯೂ ಮೇಲ್ಭಾಗದಲ್ಲಿಯೂ ಗಾಳಿಯಾಡಲು ಜಾಗ ಬಿಡಬೇಕು. ಫ್ಯಾನಿರುವ ಯಂತ್ರದಲ್ಲಿ ಧೂಳು ಕಟ್ಟಿದಂತೆಲ್ಲ ಸದ್ದು ಹೆಚ್ಚುವುದರಿಂದ ತೆಗೆದು ತೊಳೆಯಬಹುದಾದ ಜಾಲರಿಯ ಕ್ಯಾಬಿನೆಟ್ ಉಪಯುಕ್ತ.

ಎಸ್‌ಎಂಪಿಎಸ್ ಆಯ್ಕೆಯಲ್ಲಿ ಹೆಚ್ಚು ವ್ಯಾಟ್ ಎಂದರೆ ಹೆಚ್ಚು ಒಳ್ಳೆಯದು ಎಂಬ ನಂಬಿಕೆ ಇಲ್ಲಿ ಹೊಂದುವುದಿಲ್ಲ. 80 ಪ್ಲಸ್ ಪ್ರಮಾಣೀಕರಣವು ಸಾಮಾನ್ಯವಾಗಿ ಶೇ. 20, 50 ಮತ್ತು 100ರ ಹೊರೆಯಲ್ಲಿ ದಕ್ಷತೆಯನ್ನು ಅಳೆಯುತ್ತದೆ. 30 ವ್ಯಾಟ್ ಬಳಸುವ ಯಂತ್ರಕ್ಕೆ 600 ವ್ಯಾಟ್ ಎಸ್‌ಎಂಪಿಎಸ್ ಹಾಕಿದರೆ ಅದು ಶೇ. 5ರ ಹೊರೆಯಲ್ಲಿ, ಅಂದರೆ ಅಳತೆಯ ವ್ಯಾಪ್ತಿಯ ಹೊರಗೆ, ಕಡಿಮೆ ದಕ್ಷತೆಯಿಂದ ಕೆಲಸ ಮಾಡುತ್ತದೆ. ಚಿಕ್ಕ ಯಂತ್ರಗಳಿಗೆ ಲ್ಯಾಪ್‌ಟಾಪಿನಂತೆ ಹೊರಗಿನ ಅಡಾಪ್ಟರ್ ಇರುವ ವಿನ್ಯಾಸ ಸೂಕ್ತವಾದುದು.

ಹಗಲಿರುಳು ಚಾಲೂ ಇರುವ ಯಂತ್ರದಲ್ಲಿ ವಿದ್ಯುತ್ ಲೆಕ್ಕ ಗಣನೀಯ. 10 ವ್ಯಾಟ್ ಬಳಸುವ ಯಂತ್ರವು ವರ್ಷಕ್ಕೆ 87.6 ಯೂನಿಟ್ ವಿದ್ಯುತ್ ಬಳಸಿದರೆ, 50 ವ್ಯಾಟ್ ಬಳಸುವ ಹಳೆಯ ಗಣಕಯಂತ್ರವು 438 ಯೂನಿಟ್ ಬಳಸುತ್ತದೆ. ಅಗ್ಗವಾಗಿ ದೊರೆತ ಹಳೆಯ ಯಂತ್ರದ ಉಳಿತಾಯ ಕೆಲವು ವರ್ಷಗಳಲ್ಲಿ ವಿದ್ಯುತ್ ಬಿಲ್ಲಿನಲ್ಲಿ ಕರಗಿಹೋಗಬಹುದು. ವಿದ್ಯುತ್ ಆಗಾಗ ಕಡಿತಗೊಳ್ಳುವ ಕಡೆ, ಹಾರ್ಡ್ ಡಿಸ್ಕ್ ಬರೆಯುತ್ತಿರುವಾಗ ಯಂತ್ರ ಹಠಾತ್ತನೆ ನಿಂತು ಕಡತಗಳು ಕೆಡದಂತೆ ಯುಪಿಎಸ್ ಬಳಸುವುದು ಒಳಿತು.

## ಜಾಲಸಂಪರ್ಕ ಮತ್ತು ರಿಮೋಟ್

ಚಿತ್ರಗಳು ಬೇರೊಂದು ಕೋಣೆಯ ಯಂತ್ರದಲ್ಲಿದ್ದರೆ ಗಿಗಾಬಿಟ್ ಈಥರ್ನೆಟ್ ತಂತಿಯು ವೈ-ಫೈಗಿಂತ ವಿಶ್ವಾಸಾರ್ಹ. ಹಲವು ಟಿವಿಗಳಲ್ಲಿರುವ ಈಥರ್ನೆಟ್ ಕಿಂಡಿಯ ವೇಗ ಸೆಕೆಂಡಿಗೆ 100 ಮೆಗಾಬಿಟ್ ಮಾತ್ರ. ಅಲ್ಟ್ರಾ ಎಚ್‌ಡಿ ಬ್ಲೂ-ರೇ ದರ್ಜೆಯ ಕಡತಗಳ ಗರಿಷ್ಠ ಪ್ರವಾಹಕ್ಕೆ ಅದು ಸಾಲದು. ಪ್ರತ್ಯೇಕ ಗಣಕಯಂತ್ರ ಇಡಲು ಇದೂ ಒಂದು ಕಾರಣವಾಗಿದೆ.

ಟಿವಿಯ ರಿಮೋಟ್‌ನಿಂದಲೇ ಇತರ ಸಾಧನಗಳನ್ನು ನಡೆಸುವ ಸಿಇಸಿ ಸೌಲಭ್ಯವು ರಾಸ್ಪ್‌ಬೆರಿ ಪೈಯಲ್ಲಿದೆ. ಹೆಚ್ಚಿನ ಗಣಕಯಂತ್ರಗಳಲ್ಲಿ ಇಲ್ಲ. ಅವಕ್ಕೆ ಯುಎಸ್‌ಬಿ ಅವಕೆಂಪು ಗ್ರಾಹಕ ಅಥವಾ ಟಚ್‌ಪ್ಯಾಡ್ ಇರುವ ಪುಟ್ಟ ನಿಸ್ತಂತು ಕೀಲಿಮಣೆಯನ್ನು ಬಳಸಲಾಗುತ್ತದೆ. ಮನೆಯ ಹಿರಿಯರೂ ಮಕ್ಕಳೂ ಬಳಸುವ ಯಂತ್ರದಲ್ಲಿ ರಿಮೋಟ್‌ನ ಸರಳತೆಯು ಪ್ರೊಸೆಸರಿನ ವೇಗಕ್ಕಿಂತ ಹೆಚ್ಚು ಗಮನಕ್ಕೆ ಅರ್ಹ.

## ಟಿವಿ ಟ್ಯೂನರ್

ಪ್ರಸಾರವನ್ನು ನೇರವಾಗಿ ಸ್ವೀಕರಿಸಿ ದಾಖಲಿಸಲು ಟ್ಯೂನರ್ ಕಾರ್ಡ್ ಬೇಕು. ಇದು ಆಯಾ ದೇಶದ ಪ್ರಸಾರ ಮಾನಕಕ್ಕೆ ಹೊಂದಬೇಕು: ಅಮೆರಿಕದಲ್ಲಿ ಎಟಿಎಸ್‌ಸಿ, ಯುರೋಪಿನ ಹಾಗೂ ಭಾರತದ ಉಪಗ್ರಹ ಪ್ರಸಾರಕ್ಕೆ ಡಿವಿಬಿ-ಎಸ್ ಮತ್ತು ಡಿವಿಬಿ-ಎಸ್2. ಭಾರತದ ಖಾಸಗಿ ಡಿಟಿಎಚ್ ಸೇವೆಗಳ ವಾಹಿನಿಗಳು ಗೂಢಲಿಪಿಯಲ್ಲಿದ್ದು ಅವುಗಳದೇ ಸೆಟ್‌ಟಾಪ್ ಬಾಕ್ಸ್ ಇಲ್ಲದೆ ತೆರೆದುಕೊಳ್ಳುವುದಿಲ್ಲ. ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್ ಸೇವೆಯ ಹಲವು ವಾಹಿನಿಗಳು ಗೂಢಲಿಪಿಯಿಲ್ಲದೆ ಪ್ರಸಾರವಾಗುವುದರಿಂದ ಡಿವಿಬಿ-ಎಸ್2 ಕಾರ್ಡಿನಿಂದ ಅವುಗಳನ್ನು ನೋಡಲು ಸಾಧ್ಯ. ವಿದೇಶದಿಂದ ಕಾರ್ಡ್ ತರಿಸುವವರು ಮಾನಕವನ್ನು ಪರಿಶೀಲಿಸದಿದ್ದರೆ ಅದು ನಿರುಪಯುಕ್ತವಾಗುತ್ತದೆ.

## ಚಿತ್ರಚೌಕಟ್ಟುಗಳ ವೇಗ

ಚಲನಚಿತ್ರಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕಟ್ಟುಗಳಂತೆ ಚಿತ್ರೀಕರಿಸುತ್ತಾರೆ. ಗಣಕಯಂತ್ರವು ಟಿವಿಗೆ 60 ಹರ್ಟ್ಸ್‌ನಲ್ಲಿ ಚಿತ್ರ ಕಳುಹಿಸಿದಾಗ ಒಂದು ಚೌಕಟ್ಟು ಎರಡು ಬಾರಿ, ಮುಂದಿನದು ಮೂರು ಬಾರಿ ಎಂಬಂತೆ ಅಸಮವಾಗಿ ಕಾಣಿಸಿಕೊಳ್ಳುತ್ತದೆ. ಕ್ಯಾಮೆರಾ ನಿಧಾನವಾಗಿ ಅಡ್ಡಕ್ಕೆ ಸರಿಯುವ ದೃಶ್ಯಗಳಲ್ಲಿ ಇದು ಸಣ್ಣ ನಡುಕದಂತೆ ತೋರುತ್ತದೆ. ಕೋಡಿಯಂತಹ ತಂತ್ರಾಂಶಗಳಲ್ಲಿ ಪರದೆಯ ವೇಗವನ್ನು ಚಿತ್ರಕ್ಕೆ ಹೊಂದಿಸುವ ಆಯ್ಕೆ ಇದ್ದು, ಅದನ್ನು ಚಾಲೂ ಮಾಡಿದರೆ ತೊಂದರೆ ನಿವಾರಣೆಯಾಗುತ್ತದೆ.

ಡಿಸ್ಕುಗಳಲ್ಲಿನ ಹಲವು ಚಿತ್ರಗಳ ನಿಜವಾದ ವೇಗ 23.976. ಅದನ್ನು ನಿಖರ 24 ಹರ್ಟ್ಸ್‌ನಲ್ಲಿ ತೋರಿಸಿದರೆ ಸುಮಾರು 42 ಸೆಕೆಂಡಿಗೊಮ್ಮೆ ಒಂದು ಚೌಕಟ್ಟು ಮರುಕಳಿಸುತ್ತದೆ. ಭಾರತದ ಟಿವಿ ಪ್ರಸಾರವು ಸೆಕೆಂಡಿಗೆ 25 ಚೌಕಟ್ಟುಗಳ ಪಾಲ್ ಪದ್ಧತಿಯಿಂದ ಬಂದದ್ದಾದುದರಿಂದ ಟಿವಿ ದಾಖಲೆಗಳಿಗೆ 50 ಹರ್ಟ್ಸ್ ಹೊಂದುತ್ತದೆ.

## ತಂತ್ರಾಂಶ ಮತ್ತು ಕನ್ನಡ ಅಡಿಬರಹ

ಕೋಡಿ ತಂತ್ರಾಂಶವು ವಿಂಡೋಸ್, ಲಿನಕ್ಸ್ ಮತ್ತು ಆಂಡ್ರಾಯ್ಡ್‌ಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಅದನ್ನೇ ಕೇಂದ್ರವಾಗಿಸಿಕೊಂಡ ಲಿಬ್ರೆಎಲೆಕ್ ಎಂಬ ಪುಟ್ಟ ಲಿನಕ್ಸ್ ವಿತರಣೆಯು ಯಂತ್ರವನ್ನು ನೇರವಾಗಿ ಕೋಡಿಯ ಪರದೆಗೆ ತೆರೆಯುತ್ತದೆ. ಪ್ಲೆಕ್ಸ್ ಮತ್ತು ಜೆಲ್ಲಿಫಿನ್ ತಂತ್ರಾಂಶಗಳು ಒಂದು ಯಂತ್ರದಲ್ಲಿನ ಸಂಗ್ರಹವನ್ನು ಮನೆಯ ಇತರ ಟಿವಿ ಮತ್ತು ಮೊಬೈಲ್‌ಗಳಿಗೆ ಹಂಚುತ್ತವೆ. ಇವುಗಳಲ್ಲಿ ಜೆಲ್ಲಿಫಿನ್ 2018ರಲ್ಲಿ ಎಂಬಿ ಎಂಬ ತಂತ್ರಾಂಶದಿಂದ ಕವಲೊಡೆದ ಮುಕ್ತ ಯೋಜನೆ.

ಕನ್ನಡದ ಅಡಿಬರಹ ಸರಿಯಾಗಿ ಕಾಣಲು ಮೂರು ಅಂಶಗಳು ಕೂಡಿಬರಬೇಕು: ಅಡಿಬರಹದ ಕಡತವು ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿರಬೇಕು, ಯಂತ್ರದಲ್ಲಿ ನೋಟೋ ಸ್ಯಾನ್ಸ್ ಕನ್ನಡದಂತಹ ಯುನಿಕೋಡ್ ಅಕ್ಷರಶೈಲಿ ಇರಬೇಕು, ಒತ್ತಕ್ಷರಗಳನ್ನು ಜೋಡಿಸಬಲ್ಲ ಅಕ್ಷರವಿನ್ಯಾಸದ ವ್ಯವಸ್ಥೆ ತಂತ್ರಾಂಶದಲ್ಲಿರಬೇಕು. ಅಕ್ಷರಗಳ ಬದಲು ಚೌಕಗಳು ಕಂಡರೆ ಅಕ್ಷರಶೈಲಿ ಇಲ್ಲವೆಂದೂ, ಒತ್ತುಗಳು ಬಿಡಿಬಿಡಿಯಾಗಿ ಕಂಡರೆ ಜೋಡಣೆಯ ವ್ಯವಸ್ಥೆ ಇಲ್ಲವೆಂದೂ ತಿಳಿಯಬಹುದು. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಪಠ್ಯವು ರೋಮನ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ಅದನ್ನು ಯುನಿಕೋಡ್‌ಗೆ ಪರಿವರ್ತಿಸಬೇಕಾಗುತ್ತದೆ.

## ಪ್ರತಿರಕ್ಷಣಾ ತಂತ್ರಗಳು

ವಾಣಿಜ್ಯ ಚಿತ್ರಗಳಿಗೆ ನಕಲು ತಡೆಯುವ ಬೀಗಗಳಿರುತ್ತವೆ. ಸಂರಕ್ಷಿತ 4ಕೆ ಚಿತ್ರಕ್ಕೆ ಗ್ರಾಫಿಕ್ಸ್, ರಿಸೀವರ್ ಮತ್ತು ಟಿವಿ ಇವೆಲ್ಲವೂ ಎಚ್‌ಡಿಸಿಪಿ 2.2ಕ್ಕೆ ಹೊಂದಿರಬೇಕು, ನಡುವಿನ ಒಂದು ಸಾಧನ ಹಳೆಯದಾದರೂ ಚಿತ್ರವು ಕಡಿಮೆ ಸೂಕ್ಷ್ಮತೆಗೆ ಇಳಿಯುತ್ತದೆ ಅಥವಾ ಕಾಣುವುದೇ ಇಲ್ಲ.

ಅಲ್ಟ್ರಾ ಎಚ್‌ಡಿ ಬ್ಲೂ-ರೇ ಡಿಸ್ಕುಗಳ ಅಧಿಕೃತ ವೀಕ್ಷಣೆಗೆ ಗಣಕಯಂತ್ರದಲ್ಲಿ ಇಂಟೆಲ್‌ನ ಎಸ್‌ಜಿಎಕ್ಸ್ ಸೌಲಭ್ಯ ಬೇಕಾಗಿತ್ತು. 11ನೇ ಪೀಳಿಗೆಯ ಕೋರ್ ಪ್ರೊಸೆಸರ್‌ಗಳಿಂದ ಇಂಟೆಲ್ ಅದನ್ನು ತೆಗೆದುಹಾಕಿತು. ಎಎಂಡಿಯಲ್ಲಿ ಅದು ಇರಲೇ ಇಲ್ಲ. ಹೀಗೆ ಹೊಸ ಪ್ರೊಸೆಸರ್ ಕೊಂಡವರಿಗೆ ಹಳೆಯದರಲ್ಲಿದ್ದ ಸೌಲಭ್ಯ ತಪ್ಪಿತು. ಇಂತಹ ಡಿಸ್ಕುಗಳಿಗೆ ಪ್ರತ್ಯೇಕ ಬ್ಲೂ-ರೇ ಪ್ಲೇಯರ್ ಕೊಳ್ಳುವುದೇ ಸೂಕ್ತ. ಭಾರತದಲ್ಲಿ ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗಗಳನ್ನು ಮುರಿಯುವುದು 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿಸಿದ 65ಎ ವಿಧಿಯ ಪ್ರಕಾರ ಅಪರಾಧವಾಗಿದೆ.

## ಮೊದಲ ಯಂತ್ರಕ್ಕೆ ಮಾದರಿ ಜೋಡಣೆಗಳು

* '''ಸರಳ ಜೋಡಣೆ:''' 1080 ಟಿವಿ ಮತ್ತು ಟಿವಿಯದೇ ಸ್ಪೀಕರ್ ಇರುವಲ್ಲಿ ರಾಸ್ಪ್‌ಬೆರಿ ಪೈ ಅಥವಾ ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪ್, ಲಿಬ್ರೆಎಲೆಕ್ ಅಥವಾ ಕೋಡಿ, ಹೊರಗಿನ ಯುಎಸ್‌ಬಿ ಹಾರ್ಡ್ ಡಿಸ್ಕ್.
* '''ಮಧ್ಯಮ ಜೋಡಣೆ:''' 4ಕೆ ಎಚ್‌ಡಿಆರ್ ಟಿವಿಗೆ ಎನ್100 ದರ್ಜೆಯ ಸಿದ್ಧ ಮಿನಿ ಪಿಸಿ, 8 ಗಿಗಾಬೈಟ್ ಮೆಮೊರಿ, 256 ಗಿಗಾಬೈಟ್ ಎಸ್‌ಎಸ್‌ಡಿ, ಎಚ್‌ಡಿಎಂಐ 2.0 ಕಿಂಡಿ ಮತ್ತು ಗಿಗಾಬಿಟ್ ಈಥರ್ನೆಟ್.
* '''ಪೂರ್ಣ ಜೋಡಣೆ:''' ರಿಸೀವರ್, ಬಹುಸ್ಪೀಕರ್ ವ್ಯವಸ್ಥೆ ಮತ್ತು ದೊಡ್ಡ ಸಂಗ್ರಹಕ್ಕೆ ಮೈಕ್ರೋ-ಎಟಿಎಕ್ಸ್ ಬೋರ್ಡ್, ಗ್ರಾಫಿಕ್ಸ್ ಸಹಿತ ಪ್ರೊಸೆಸರ್, 16 ಗಿಗಾಬೈಟ್ ಮೆಮೊರಿ, ಎರಡು ದೊಡ್ಡ ಹಾರ್ಡ್ ಡಿಸ್ಕ್, 120 ಮಿಲಿಮೀಟರ್ ಫ್ಯಾನಿನ ಕ್ಯಾಬಿನೆಟ್. ಸದ್ದು ಮಾಡುವ ಡಿಸ್ಕುಗಳನ್ನು ಬೇರೆ ಕೋಣೆಯ ಯಂತ್ರಕ್ಕೆ ಸಾಗಿಸಿ, ಟಿವಿಯ ಬಳಿ ಮಧ್ಯಮ ಜೋಡಣೆಯ ಯಂತ್ರವನ್ನಷ್ಟೇ ಇಡುವುದು ಇದರ ಪರ್ಯಾಯ.

ಕೊಳ್ಳುವ ಮೊದಲು ಪರಿಶೀಲಿಸಬೇಕಾದ ಅಂಶಗಳು: ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಭಾಗ, ಬೇಕಾದ ಕೋಡೆಕ್‌ಗಳ ಯಂತ್ರಾಂಶ ಡಿಕೋಡಿಂಗ್, ಎಚ್‌ಡಿಎಂಐ ಆವೃತ್ತಿ, ರಿಸೀವರಿನ ಎಚ್‌ಡಿಸಿಪಿ ಆವೃತ್ತಿ, ಕ್ಯಾಬಿನೆಟ್ಟಿನ ಎತ್ತರಕ್ಕೆ ಹೊಂದುವ ಕೂಲರ್, ಮತ್ತು ಯಂತ್ರವನ್ನು ಇಡುವ ಜಾಗದ ಗಾಳಿಯಾಟ. ಮನೆಯಲ್ಲಿರುವ ಯಾವುದಾದರೂ ಗಣಕಯಂತ್ರವನ್ನು ಒಂದೆರಡು ವಾರ ಟಿವಿಗೆ ಜೋಡಿಸಿ ಬಳಸಿ ನೋಡಿದರೆ, ನಿಜವಾದ ಅಗತ್ಯವೇನೆಂಬುದು ಹಣ ತೆರುವ ಮೊದಲೇ ಸ್ಪಷ್ಟವಾಗುತ್ತದೆ.

## ಇವನ್ನೂ ನೋಡಿ

* ಗಣಕಯಂತ್ರ
* ಎಚ್‌ಡಿಎಂಐ
* ಬ್ಲೂ-ರೇ ಡಿಸ್ಕ್
* ರಾಸ್ಪ್‌ಬೆರಿ ಪೈ
* ಯುನಿಕೋಡ್